ನನ್ನ ಫ್ಲಶ್, ಅಮ್ಮನ ಬೋರ್‌ವೆಲ್

ಕೋರಮಂಗಲದಲ್ಲಿ ನಾನು ಫ್ಲಶ್ ಮಾಡಿದ ನೀರು ಕೋಲಾರದ ಅಮ್ಮನ ಬೋರ್‌ವೆಲ್ ತುಂಬಿಸುತ್ತೆ ಅಂದ್ರೆ ನಂಬ್ತೀರಾ? ಕೋರಮಂಗಲ-ಚಲ್ಲಘಟ್ಟ ಕಣಿವೆಯ ಕೊಳಚೆಯನ್ನು ಸಂಸ್ಕರಿಸಿ 2018ರಿಂದ ಕೋಲಾರದ ಕೆರೆಗಳಿಗೆ ಪಂಪ್ ಮಾಡ್ತಿದ್ದಾರೆ. ಕೆರೆ ತುಂಬಿತು, ಅಂತರ್ಜಲ ಏರಿತು. ಒಣಗಿದ್ದ ಬೋರ್‌ವೆಲ್‌ನಲ್ಲಿ ಮತ್ತೆ ನೀರು ಬಂದ ದಿನ ಅಮ್ಮ ಫೋನಲ್ಲೇ ಅತ್ತುಬಿಟ್ಟಳು.

ಆದರೆ ಆ ನೀರಿಗೆ ಆಗೋದು ಎರಡನೇ ಹಂತದವರೆಗಿನ ಶುದ್ಧೀಕರಣ ಮಾತ್ರ. ಸಿಂಗಾಪುರದ ನ್ಯೂವಾಟರ್ ನೋಡಿ: ಅಷ್ಟಾದ ಮೇಲೂ ಮೈಕ್ರೋಫಿಲ್ಟರ್, ರಿವರ್ಸ್ ಆಸ್ಮೋಸಿಸ್, ಕೊನೆಗೆ ಅಲ್ಟ್ರಾವಯೊಲೆಟ್. ಖರ್ಚು, ಕರೆಂಟು ಜಾಸ್ತಿ, ನಿಜ. ಆದ್ರೂ ನಮಗೂ ಮೂರನೇ ಹಂತ ಬೇಕೇ ಬೇಕು ಅಂತೀನಿ.

ಟೊಮ್ಯಾಟೊಗೆ ಓಕೆ, ಕುಡಿಯೋಕೆ ಬೇಡಮ್ಮಾ ಅಂದೆ. ‘ನೀನು ಕಳಿಸೋ ನೀರು ತಾನೇ?’ ಅಂತ ನಕ್ಕಳು. ಕುಡಿಯೋಕೆ ಕ್ಯಾನ್ ನೀರೇ ತರಿಸ್ತಾಳೆ.