ಪಟ ಹರಿದರೆ ದಾರ ಯಾರದು?

ಕಾರಹುಣ್ಣಿಮೆ ಬಂತೆಂದರೆ ಉತ್ತರ ಕರ್ನಾಟಕದ ಎಷ್ಟೋ ಊರುಗಳಲ್ಲಿ ಮಾಳಿಗೆ ಮೇಲಿಂದ ಗಾಳಿಪಟ ಏರುತ್ತವೆ. ಮುಂಗಾರಿನ ಬಿರುಗಾಳಿಯೂ ಅದೇ ಹೊತ್ತಿಗೆ. ಗಾಳಿ ಹೆಚ್ಚಿದಷ್ಟೂ ಮಜಾ ಎನ್ನುವುದು ಹಾರಿಸುವವನ ಲೆಕ್ಕ. ಹಿರೇಕೊಟ್ನೆಕಲ್‌ನಿಂದ ಮಾನ್ವಿಗೆ ಬೈಕಿನಲ್ಲಿ ಹೊರಟವನ ಲೆಕ್ಕ ಬೇರೆ. ಪಟ ಹರಿದುಹೋದರೆ ದಾರ ರಸ್ತೆಗೆ ಅಡ್ಡ ಬೀಳುತ್ತದೆ. ನೈಲಾನ್ ಮಾಂಜಾ ಆಗಿದ್ದರೆ ಹತ್ತಿ ನೂಲಿನಂತೆ ಪಟ್ಟನೆ ತುಂಡಾಗುವುದಿಲ್ಲ, ಗಂಟಲು ಕೊಯ್ಯುತ್ತದೆ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲೇ ಅದನ್ನು ದೇಶದಾದ್ಯಂತ ನಿಷೇಧಿಸಿದೆ. ಮಾರುವವರದು ತಪ್ಪು, ನಿಜ. ಮಗನ ಕೈಗೆ ದುಡ್ಡು ಕೊಟ್ಟು, ಎಂಥ ದಾರ ತಂದ ಎಂದು ನೋಡದ ಮನೆಯವರದು?

ಗಾಳಿಯ ಜೊತೆ ಇನ್ನೂ ದೊಡ್ಡ ಆಟ ಆಡುವವರಿದ್ದಾರೆ. ಭಾರಿ ಗಾಳಿಪಟಕ್ಕೆ ಸೊಂಟ ಬಿಗಿದು, ಹಲಗೆಯ ಮೇಲೆ ನಿಂತು ಕಡಲಲ್ಲಿ ಸಾಗುವ ಕೈಟ್‌ಬೋರ್ಡಿಂಗ್ ಅದು. ಪಟದ ಸೆಳೆತ ಮಿತಿಮೀರಿದರೆ ತಕ್ಷಣ ಕಳಚಿಕೊಳ್ಳುವ ವ್ಯವಸ್ಥೆ ಸವಾರನ ಸೊಂಟದಲ್ಲೇ ಇರುತ್ತದೆ. ಪಟ ಏರಿಸಲು, ಇಳಿಸಲು ದಂಡೆಯಲ್ಲಿ ಜೊತೆಗಾರ ನಿಲ್ಲುತ್ತಾನೆ. ಬಲ್ಲವರು ಗುಡುಗಿನ ಮೋಡ ಕಂಡರೆ ನೀರಿಗೇ ಇಳಿಯುವುದಿಲ್ಲ. ನಮ್ಮಲ್ಲೋ, ಬೆರಳಿಗೆ ದಾರ ಸುತ್ತಿಕೊಂಡು, ಆಕಾಶ ನೋಡುತ್ತ ಮಾಳಿಗೆಯ ಅಂಚಿಗೆ ಹಿಂದೆ ಹಿಂದೆ ಸರಿಯುವ ಹುಡುಗನಿಗೆ ‘ಏ ತಮ್ಮಾ, ನಿಲ್ಲು’ ಎನ್ನುವವರೂ ಇರುವುದಿಲ್ಲ. ಪಕ್ಕದಲ್ಲಿದ್ದವರೂ ಆಕಾಶವನ್ನೇ ನೋಡುತ್ತಿರುತ್ತಾರೆ!

ಕರೆಂಟಿನ ತಂತಿಗೆ ಸಿಕ್ಕ ಪಟವನ್ನು ಎಳೆಯಲೇಬಾರದು. ಒದ್ದೆ ದಾರದಲ್ಲಿ ವಿದ್ಯುತ್ ಹರಿಯುತ್ತದೆ. ಜೆಸ್ಕಾಂನ 1912ಕ್ಕೆ ಫೋನ್ ಮಾಡಿ, ಪಟ ಹೋದರೆ ಹೋಗಲಿ. ಇನ್ನು ಆಟ ಮುಗಿದ ಮೇಲೆ ಬೇಲಿಗೆ, ಗಿಡಕ್ಕೆ ಜೋತುಬಿದ್ದ ದಾರವನ್ನು ಸುತ್ತಿ ತೆಗೆಯಬೇಕಾದವರು ಹಾರಿಸಿದ ಗೆಳೆಯರೇ. ಪಂಚಾಯಿತಿಯವರು ಬರಲಿ ಎಂದು ಕಾಯುತ್ತ ಕೂತರೆ, ಅಷ್ಟರೊಳಗೆ ಅದಕ್ಕೆ ಕಾಗೆಯೋ ಗುಬ್ಬಿಯೋ ಸಿಕ್ಕಿಕೊಂಡಿರುತ್ತದೆ.