ಫೀಸು ಕೊಟ್ಟ ಕೈ



ಅಮೆರಿಕದಲ್ಲಿ ರಾಜ್ಯಕ್ಕೊಂದು ಮೀಸಲು ಪಡೆ ಉಂಟು, ನ್ಯಾಷನಲ್ ಗಾರ್ಡ್ ಅಂತ. ನೆರೆ ಬಂದರೆ, ಕಾಡಿಗೆ ಬೆಂಕಿ ಬಿದ್ದರೆ ಗವರ್ನರ್ ಕರೀತಾನೆ. ಕಾಲೇಜು ಫೀಸು ಸಿಗುತ್ತೆ ಅಂತ ಎಷ್ಟೋ ಬಡವರ ಮಕ್ಕಳು ಸೇರುತ್ತಾರೆ.

ಇವರನ್ನು ಹೊರದೇಶಕ್ಕೆ ಕಳಿಸೋ ಹಕ್ಕು ಯಾರದು? ತುರ್ತು ಪರಿಸ್ಥಿತಿ ಇಲ್ಲದಾಗ ಗವರ್ನರ್ ಒಪ್ಪಿಗೆ ಬೇಕು ಅಂದಿತ್ತು 1952ರ ಕಾನೂನು. 1985ರಲ್ಲಿ ಕ್ಯಾಲಿಫೋರ್ನಿಯಾದ ಗವರ್ನರ್ 450 ಜನರನ್ನು ಹೊಂಡುರಾಸಿಗೆ ತರಬೇತಿಗೆ ಕಳಿಸಲು ಒಪ್ಪಲಿಲ್ಲ. ಮೇಯ್ನ್ ರಾಜ್ಯದವನೂ ಒಪ್ಪಲಿಲ್ಲ. ಪಕ್ಕದ ನಿಕರಾಗುವಾದಲ್ಲಿ ರೇಗನ್ ಸಾಕಿದ ಬಂಡುಕೋರರ ಯುದ್ಧ ನಡೀತಿತ್ತು.

ಮರುವರ್ಷವೇ ಸಂಸದ ಮಾಂಟ್ಗೊಮೆರಿ ತಿದ್ದುಪಡಿ ತಂದ: ಜಾಗ ಸರಿಯಿಲ್ಲ, ಉದ್ದೇಶ ಸರಿಯಿಲ್ಲ ಅಂತ ಗವರ್ನರ್ ತಡೆಯುವಂತಿಲ್ಲ! ಮಿನ್ನೆಸೋಟದ ಗವರ್ನರ್ ಪರ್ಪಿಚ್ ಕೋರ್ಟಿಗೆ ಹೋದ. 1990ರಲ್ಲಿ ಸುಪ್ರೀಂ ಕೋರ್ಟು ಒಮ್ಮತದಿಂದ ಕೇಂದ್ರದ ಪರ ನಿಂತಿತು.

ಮೀಸಲು ಸೈನಿಕರ ಓದಿಗೆ ಹಣ ಕೊಡೋ 1984ರ ಕಾನೂನು ತಂದವನೂ ಇದೇ ಮಾಂಟ್ಗೊಮೆರಿ. ಫೀಸು ಕೊಟ್ಟ ಕೈಯೇ ತಡೆ ಕಿತ್ತು ಹಾಕಿತು.

ಗವರ್ನರುಗಳೇನು ದೇವರಲ್ಲ. 1957ರಲ್ಲಿ ಲಿಟಲ್ ರಾಕ್‌ನಲ್ಲಿ ಒಂಬತ್ತು ಕಪ್ಪು ಮಕ್ಕಳನ್ನು ಶಾಲೆಗೆ ಬಿಡದೆ ಇದೇ ಪಡೆಯನ್ನು ಅಡ್ಡ ನಿಲ್ಲಿಸಿದವನೂ ಗವರ್ನರೇ. ಆಗ ಕೇಂದ್ರ ಅವನ ಕೈಯಿಂದ ಪಡೆ ಕಿತ್ತುಕೊಂಡದ್ದು ನ್ಯಾಯ. ಆದರೆ ಮಕ್ಕಳನ್ನು ಶಾಲೆಗೆ ಸೇರಿಸೋದು ಬೇರೆ, ಬಡವರ ಮಕ್ಕಳನ್ನು ಯಾರದೋ ಯುದ್ಧದ ಬಾಗಿಲಿಗೆ ಅಟ್ಟೋದು ಬೇರೆ. ಅಲ್ಲಿ 'ಆಗಲ್ಲ' ಅನ್ನೋಕೆ ಇನ್ನೊಂದು ಬಾಯಿ ಇರಲೇಬೇಕು.