ಸರ್ಪವಿಷಕ್ಕೆ ನೂತನ ಮದ್ದು

ಮುಂಗಾರು ಬಿದ್ದು ಉಜ್ಜಿನಿ, ಕೊಟ್ಟೂರು, ಕೂಡ್ಲಿಗಿ ಸೀಮೆಯ ಹೊಲಗಳಲ್ಲಿ ಜೋಳ ಶೇಂಗಾಗಳು ಮೇಲೆದ್ದವೆಂದರೆ ಒಕ್ಕಲುಮಕ್ಕಳಿಗೆ ಹಾವಿನ ಭಯವೂ ಜೊತೆಗೇ ಬರುವುದು. ಇದು ಮೂಢಭೀತಿಯಲ್ಲ. 2000 ರಿಂದ 2019 ರ ವರೆಗೆ ಭಾರತದಲ್ಲಿ ಸರ್ಪದಂಶದಿಂದ ಮಡಿದವರು ಸುಮಾರು 12 ಲಕ್ಷ, ಎಂದರೆ ವರ್ಷಕ್ಕೆ ಸರಾಸರಿ 58 ಸಾವಿರ ಮಂದಿಯೆಂದು ತಜ್ಞರು ಅಂದಾಜು ಮಾಡಿರುವರು. ಆದುದರಿಂದ, ಮದ್ದಿಗಾಗಿ ಪ್ರೋಟೀನುಗಳನ್ನು ಮನುಷ್ಯನೇ ರಚಿಸುವ ನೂತನ ಶಾಸ್ತ್ರವನ್ನು ದೂರದ ವಿದ್ವಾಂಸರ ವಿನೋದವೆಂದು ನಮ್ಮ ವಾಚಕರು ಬದಿಗಿಡಲಾಗದು.

ಇಂದು ಆಸ್ಪತ್ರೆಗಳಲ್ಲಿ ಕೊಡುವ ಪ್ರತಿವಿಷವು 1890 ರ ದಶಕದ ಉಪಾಯವೇ ಸರಿ: ಕುದುರೆಗೆ ವಿಷವನ್ನು ಸ್ವಲ್ಪಸ್ವಲ್ಪವಾಗಿ ಚುಚ್ಚಿ, ಅದರ ರಕ್ತದಲ್ಲಿ ಹುಟ್ಟಿದ ರಕ್ಷಕ ದ್ರವ್ಯವನ್ನು ಶೋಧಿಸಿ ತೆಗೆಯುವುದು. ಎಷ್ಟೋ ಜೀವಗಳನ್ನು ಉಳಿಸಿದ ಈ ಮದ್ದನ್ನು ನಿಂದಿಸಲು ನಮಗೆ ಬಾಯಿಲ್ಲ. ಆದರೆ ಕುದುರೆಯ ವಸ್ತುವು ಕೆಲವರ ಮೈಗೆ ಒಗ್ಗದು. ಮೇಲಾಗಿ ಅದಕ್ಕೆ ಬೇಕಾದ ವಿಷವು ಬಹುಪಾಲು ತಮಿಳುನಾಡಿನ ಹಾವುಗಳದು. ಒಂದೇ ಜಾತಿಯ ಹಾವಿನ ವಿಷವೂ ಸೀಮೆಯಿಂದ ಸೀಮೆಗೆ ಬೇರೆಯಾಗುವುದೆಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಶ್ರೀ ಕಾರ್ತಿಕ ಸುಣಗಾರರೂ ಅವರ ಸಂಗಡಿಗರೂ ತೋರಿಸಿಕೊಟ್ಟಿರುವರು.

ಅದೇ ಮಹನೀಯರು ಅಮೆರಿಕದ ಸ್ಕ್ರಿಪ್ಸ್ ಸಂಸ್ಥೆಯವರೊಡಗೂಡಿ, ಕೃತಕವಾಗಿ ಸಿದ್ಧಪಡಿಸಿದ ಮಾನವ ಪ್ರತಿಕಾಯಗಳ ದೊಡ್ಡ ರಾಶಿಯಿಂದ ಒಂದನ್ನು ಆಯ್ದು 2024 ರಲ್ಲಿ ಪ್ರಕಟಿಸಿದರು. ವಿಷವೇರಿದ 20 ನಿಮಿಷಗಳ ತರುವಾಯ ಕೊಟ್ಟರೂ ಅದು ಇಲಿಗಳ ಪ್ರಾಣವನ್ನುಳಿಸಿತು. ಆ ವರ್ಷವೇ ನೊಬೆಲ್ ಪಾರಿತೋಷಕ ಪಡೆದ ಡೇವಿಡ್ ಬೇಕರರ ಬಳಗವು ಇನ್ನೂ ಮುಂದೆ ಹೋಯಿತು. ಬಡಗಿಯು ತೂತಿನ ಅಳತೆ ನೋಡಿ ಬೆಣೆ ಕೆತ್ತುವಂತೆ, ವಿಷದ ಕಣದ ಆಕಾರ ನೋಡಿ ಅದಕ್ಕೆ ಬಿಗಿಯಾಗಿ ಕೂರುವ ಪ್ರೋಟೀನನ್ನು ಗಣಕಯಂತ್ರದಲ್ಲಿಯೇ ರೂಪಿಸಿ 2025 ರ ಜನವರಿಯಲ್ಲಿ ವರದಿ ಮಾಡಿತು. ನೂರಕ್ಕೆ 80 ರಿಂದ 100 ರಷ್ಟು ಇಲಿಗಳು ಬದುಕಿದವು. ಈ ಪ್ರೋಟೀನುಗಳಿಗೆ ಕುದುರೆ ಬೇಡ, ಸೂಕ್ಷ್ಮಜೀವಿಗಳಲ್ಲಿ ಬೆಳೆಸಬಹುದು, ಬಿಸಿಲ ತಾಪವನ್ನೂ ತಾಳುವಂಥವು.

ಆದಾಗ್ಯೂ ಇವೆರಡೂ ನಾಗರ, ಕಟ್ಟುಹಾವುಗಳಂಥವುಗಳ ನರಘಾತಕ ವಿಷದ ಒಂದು ವರ್ಗಕ್ಕೆ ಮಾತ್ರ ಮದ್ದು. ರಕ್ತವನ್ನು ಕೆಡಿಸುವ ಕೊಳಕುಮಂಡಲ, ಗರಗಸಮಂಡಲಗಳ ವಿಷವನ್ನು ಇವು ಮುಟ್ಟವು. ನಮ್ಮ ದೇಶದಲ್ಲಿ ಹೆಚ್ಚು ಜೀವಗಳನ್ನು ಕೊಳ್ಳುವುದೋ ಕೊಳಕುಮಂಡಲವೇ! ಅಮೆರಿಕದವರು ಮಾಡಿಕೊಡಲೆಂದು ಕಾದಿರೋಣವೇ? ಕೊಳಕುಮಂಡಲವು ಅವರ ಹೊಲಗಳಲ್ಲಿಲ್ಲ.

ಸರ್ಪದಂಶವನ್ನು ಕಡ್ಡಾಯವಾಗಿ ವರದಿ ಮಾಡಬೇಕೆಂದು ಕರ್ನಾಟಕ ಸರ್ಕಾರದವರು 2024 ರ ಫೆಬ್ರವರಿಯಲ್ಲಿ ವಿಧಿಸಿದುದು ಶ್ಲಾಘನೀಯವೇ. ಲೆಕ್ಕವಿಟ್ಟರೆ ಸಾಲದು; ಆ ಲೆಕ್ಕವನ್ನೇ ಮುಂದಿಟ್ಟುಕೊಂಡು, ಮಂಡಲದ ವಿಷಕ್ಕೆ ಪ್ರೋಟೀನು ರಚಿಸುವ ಕಾರ್ಯಕ್ಕೆ ಬೆಂಗಳೂರಿನ ವಿಜ್ಞಾನಿಗಳಿಗೆ ಧಾರಾಳವಾಗಿ ಹಣವೊದಗಿಸಬೇಕು. ಇಲಿಯಿಂದ ಮನುಷ್ಯನವರೆಗಿನ ಹಾದಿ ವರ್ಷಗಟ್ಟಲೆಯದು. ಅದುವರೆಗೆ ಕುದುರೆಯ ಪ್ರತಿವಿಷವೇ ಗತಿ. ಅದು ತಾಲ್ಲೂಕು ಆಸ್ಪತ್ರೆಗಳಲ್ಲಿ ಮಾತ್ರವಲ್ಲದೆ ಹೋಬಳಿಯ ಆರೋಗ್ಯ ಕೇಂದ್ರಗಳಲ್ಲಿಯೂ ಸದಾ ಇರುವಂತೆಯೂ, ರಾತ್ರಿಯ ಹೊತ್ತು ಅದನ್ನು ಕೊಡಬಲ್ಲ ವೈದ್ಯರು ಅಲ್ಲಿ ಸಿಕ್ಕುವಂತೆಯೂ ಏರ್ಪಾಡು ಮಾಡಬೇಕೆಂದು ಜಿಲ್ಲೆಯ ಅಧಿಕಾರಿಗಳನ್ನು ಕೋರುತ್ತೇವೆ.